ಪಕ್ಕೆಲುಬಿಲ್ಲದ ಮೀನು

ನಿತ್ಯಾನಂದರ ಬಲಗೈ ಈಗಲೂ ಸುಮ್ಮನಿರುವುದಿಲ್ಲ. ಪೇಪರ್ ಓದುವಾಗ, ಟೀವಿ ನೋಡುವಾಗ, ಎದುರಿಗಿದ್ದವರು ಏನೋ ಹೇಳುತ್ತಿರುವಾಗ, ಐದಾರು ಸೆಕೆಂಡಿಗೊಮ್ಮೆ ಅದು ತಾನಾಗಿಯೇ ಮುಚ್ಚಿ ತೆರೆದುಕೊಳ್ಳುತ್ತದೆ. ಹೊಸಬರು ಅದನ್ನು ನೋಡಿ ಮನುಷ್ಯನಿಗೆ ಸಿಟ್ಟು ಬಂದಿದೆ ಎಂದುಕೊಂಡು ಮಾತು ಬದಲಾಯಿಸುತ್ತಾರೆ. ಸಿಟ್ಟಲ್ಲ. ೨೦೨೧ರ ಜುಲೈ ತಿಂಗಳ ಒಂದು ದಿನ ಅವರ ಹೆಂಡತಿಯ ಉಸಿರು ಆ ಅಂಗೈಯೊಳಗೆ ಇತ್ತು. ಅದು ಅಲ್ಲಿಗೆ ಹೇಗೆ ಬಂತು ಎಂದು ಹೇಳಲು ನನಗಿಂತ ಯೋಗ್ಯನಾದವನು ಮಲಯ ನಾಡಿನ ಈ ಸುಬಾಂಗ್ ಜಯಾದಲ್ಲಿ ಇನ್ನೊಬ್ಬನಿಲ್ಲ. ಏಕೆಂದರೆ ಅದಕ್ಕೆ ಕಾರಣ ನಾನು.

ನನ್ನ ಪರಿಚಯ ಎರಡು ಸಾಲಿಗೆ ಮುಗಿಯುತ್ತದೆ. ಹೆಸರು ಸೂರ್ಯನಾರಾಯಣ, ಊರು ಮೈಸೂರು, ಸೈಬರ್‌ಜಯಾದ ಒಂದು ಸಾಫ್ಟ್‌ವೇರ್ ಕಂಪನಿಗೆ ಯಾರೂ ಓದದ ಕೈಪಿಡಿಗಳನ್ನು ಬರೆದುಕೊಡುವುದು ಉದ್ಯೋಗ. ಹುಟ್ಟಾ ಸಸ್ಯಾಹಾರಿ, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಮಾತ್ರ ಕೇಳಲು ಹೋಗುವುದಿಲ್ಲ.

ನಿತ್ಯಾನಂದರ ಪರಿಚಯ ಅಷ್ಟು ಸುಲಭದಲ್ಲಿ ಮುಗಿಯುವುದಲ್ಲ. ನಮ್ಮ ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿ ನಮ್ಮ ಎದುರು ಬಾಗಿಲು ಅವರದು. ಹದಿನೆಂಟು ವರ್ಷಗಳಿಂದ ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಶರೀರಶಾಸ್ತ್ರದ ಪಾಠ ಹೇಳುತ್ತಿದ್ದರು. ಹೆಸರಿನ ಮುಂದೆ ಡಾಕ್ಟರ್ ಇತ್ತು, ಅದು ಪಿಎಚ್.ಡಿ.ಯ ಡಾಕ್ಟರ್. ಇದನ್ನು ಕಟ್ಟಡದವರಿಗೆ ವಿವರಿಸಿ ವಿವರಿಸಿ ಅವರಿಗೆ ಸಾಕಾಗಿತ್ತು. ಲಿಫ್ಟಿನಲ್ಲಿ ಸಿಕ್ಕವರು ನಾಲಗೆ ಚಾಚಿ ತೋರಿಸುತ್ತಿದ್ದರು. "ನಾನು ರೋಗ ಗುಣ ಮಾಡುವ ಡಾಕ್ಟರ್ ಅಲ್ಲ ಮಾರಾಯ್ರೆ, ನೀವು ಸತ್ತದ್ದು ಎಂತಕ್ಕೆ ಅಂತ ಚಂದ ಮಾಡಿ ವಿವರಿಸುವ ಡಾಕ್ಟರ್" ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದರು.

ಮಲ್ಪೆಯ ಕಡೆಯವರು. ತಂದೆ ಬೋಟಿಗೆ ಹೋಗುತ್ತಿದ್ದವರು. ಬಲೆ ದಡಕ್ಕೆ ಬಂದಾಗ ಮೀನು ಬೇರ್ಪಡಿಸುವುದು ಮನೆಯ ಮಕ್ಕಳ ಕೆಲಸವಾಗಿತ್ತು. ಬಲೆಯಲ್ಲಿ ಊದುಮೀನು ಬಂದರೆ ದೂರ ಎಸೆಯಬೇಕು, ಅದು ವಿಷ. ಎಸೆಯುವ ಮುಂಚೆ ಹೊಟ್ಟೆ ಉಜ್ಜಿದರೆ ಅದು ಗಾಳಿ ನುಂಗಿ ನುಂಗಿ ಚೆಂಡಾಗುತ್ತಿತ್ತು. ಮಕ್ಕಳು ಒದ್ದು ಆಡುತ್ತಿದ್ದರು. ಒಮ್ಮೆ ಹಾಗೆ ಆಡಿ ಬಿಟ್ಟ ಮೀನನ್ನು ಇವರ ಮನೆಯ ನಾಯಿ ತಿಂದಿತು. ಮೊದಲು ಹಿಂಗಾಲು ಮಡಚಿತು, ಆಮೇಲೆ ಮುಂಗಾಲು, ಆಮೇಲೆ ಬಾಲವೂ ಅಲುಗಲಿಲ್ಲ.

"ಆದ್ರೆ ಕಣ್ಣು ಉಂಟಲ್ಲ, ಅದು ನಮ್ಮನ್ನೇ ನೋಡ್ತಾ ಇತ್ತು," ಎಂದು ಅವರು ಹೇಳಿದ್ದು ನನಗೆ ನೆನಪಿದೆ. "ನಾಯಿಗೆ ಎಲ್ಲ ಗೊತ್ತಾಗ್ತಾ ಇತ್ತು. ನಾವು ಅದರ ಎದುರೇ ಕೂತು, ಸತ್ತೋಯ್ತು, ಹೂಳುದು ಎಲ್ಲಿ ಅಂತ ಮಾತಾಡಿದ್ದು. ಅದು ಕೇಳ್ತಾ ಇತ್ತು."

ಆ ನಾಯಿಯ ಕಣ್ಣಿನಿಂದ ಶುರುವಾದ ಹುಚ್ಚು ಅವರನ್ನು ಬಿಡಲಿಲ್ಲ. ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ನರಗಳ ಪಾಠ ಮಾಡುವಾಗ ಊದುಮೀನಿನ ವಿಷ ಬಂದೇ ಬರುತ್ತಿತ್ತು. ಮನೆಯಲ್ಲಿ ಒಂದು ಗಾಜಿನ ತೊಟ್ಟಿ. ಅದರಲ್ಲಿ ಇಲ್ಲಿನ ನದಿಯ ಒಂದು ಗೂನುಬೆನ್ನಿನ ಊದುಮೀನು ಅರ್ಧ ಮೈಯನ್ನು ಮರಳಲ್ಲಿ ಹೂತುಕೊಂಡು ಕೂತಿರುತ್ತಿತ್ತು. ಅದರ ಎರಡು ಕಣ್ಣು ಎರಡು ಕಡೆ ತಿರುಗುತ್ತವೆ. ನಾನು ಸೋಫಾದ ಮೇಲೆ ಕೂತರೆ ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಬಾಗಿಲಿನ ಮೇಲೆ. ನಮ್ಮ ಮ್ಯಾನೇಜರ್ ಕೂಡ ಹಾಗೆ ನೋಡಲಾರ.

ತೊಟ್ಟಿಯ ಹಿಂದಿನ ಗೋಡೆಗೆ ಒಂದು ದೊಡ್ಡ ನಕ್ಷೆ. ಹಿಂದಿನ ಯಾವುದೋ ದೀಪಾವಳಿಗೆ ಕನ್ನಡ ಬಳಗದವರು ಮಾಡಿಸಿದ್ದ ಬ್ಯಾನರಿನ ಬೆನ್ನ ಮೇಲೆ ಅವರು ಊದುಮೀನುಗಳ ವಂಶವೃಕ್ಷ ಬರೆದಿದ್ದರು. ಕೊರೋನಾ ಬಂದು ಕಾಲೇಜು ಮುಚ್ಚಿದ ಮೇಲೆ ಅದು ಕೊಂಬೆ ಚಾಚುತ್ತಾ ಹೋಗಿ ಗೋಡೆಯ ಗಡಿಯಾರವನ್ನೂ ಸುತ್ತುವರಿಯಿತು. ಬಾಗಿಲ ಹೊರಗೆ ಮೂರು ಮೊಳ ದೂರದಲ್ಲಿ ಕುರ್ಚಿ ಹಾಕಿ ನನ್ನನ್ನು ಕೂರಿಸಿ, ಒಳಗಿನಿಂದ ಕೋಲು ಹಿಡಿದು ಪಾಠ ಹೇಳುತ್ತಿದ್ದರು. ಎದ್ದು ಹೋಗೋಣವೆಂದರೆ ಹೋಗಲು ಜಾಗವಿರಲಿಲ್ಲ, ದೇಶವೇ ಮುಚ್ಚಿತ್ತು.

"ಇಲ್ಲಿ ನೋಡಿ. ಮೂಲದಲ್ಲಿ ಇವೆಲ್ಲ ಸಮುದ್ರದವು. ಈಜುದು ನಿಧಾನ, ಓಡಿ ತಪ್ಪಿಸಿಕೊಳ್ಳುದಕ್ಕೆ ಆಗುದಿಲ್ಲ. ಹಾಗಾದ್ರೆ ಎಂತ ಮಾಡುದು? ಊದುದು. ಊದಬೇಕಾದ್ರೆ ಹೊಟ್ಟೆ ಹಿಗ್ಗಬೇಕಲ್ಲ? ಪಕ್ಕೆಲುಬು ಇದ್ರೆ ಹಿಗ್ಗುದು ಹೇಗೆ? ಅದಕ್ಕೆ ತಲೆಮಾರು ತಲೆಮಾರು ಕಳೆದು ಪಕ್ಕೆಲುಬನ್ನೇ ಬಿಟ್ಟುಕೊಟ್ಟವು. ನಡುಮೂಳೆ ಒಂದು ಉಂಟು, ಪಕ್ಕೆ ಇಲ್ಲ."

"ಅಂದ್ರೆ ರಾಜೀನಾಮೆ ಕೊಟ್ಟು ಪ್ರಾಣ ಉಳಿಸಿಕೊಂಡವು," ಎಂದೆ.

"ನೀವು ನಗಾಡಿ. ಆಮೇಲೆ ಒಂದು ಕವರು, ಅಂದ್ರೆ ಕವಲು, ನದಿಗೆ ಹತ್ತಿತು. ಆಫ್ರಿಕಾದಲ್ಲಿ ಬೇರೆ, ದಕ್ಷಿಣ ಅಮೆರಿಕದ ದೊಡ್ಡ ನದಿಯಲ್ಲಿ ಬೇರೆ, ನಮ್ಮ ಈ ಕಡೆ ಬೇರೆ. ಒಬ್ಬರಿಗೊಬ್ಬರು ಹೇಳಿಕೊಂಡು ಹೋದದ್ದಲ್ಲ. ಈ ಕಡೆ ಬಂದದ್ದು ಒಂದೊಂದು ಹೊಳೆಗೆ ಒಂದೊಂದು ಜಾತಿಯಾಗಿ ಒಡೆಯಿತು. ಪಶ್ಚಿಮಘಟ್ಟದ ಹೊಳೆಯಲ್ಲಿ ಬೆರಳಿನ ಉಗುರಿನಷ್ಟು ಒಂದು ಉಂಟು, ಅದರ ದಾಯಾದಿ ಇಲ್ಲಿ ಬೋರ್ನಿಯೋದಲ್ಲಿ ಉಂಟು. ನಮ್ಮ ಕುಟುಂಬದಲ್ಲಿ ಕವರು ಕವರು ಅಂತ ಆಗುದಿಲ್ವಾ, ಹಾಗೆ. ಈಗ ಒಟ್ಟು ಇನ್ನೂರರ ಹತ್ತಿರ ಜಾತಿ."

ಆಮೇಲೆ ಕೋಲು ಒಂದು ಕವಲಿನ ಬಳಿ ನಿಂತಿತು. ಅಲ್ಲಿ ಒಂದೇ ರೀತಿಯ ಎರಡು ಮೀನು, ಎರಡೂ ಬೆಳ್ಳಿಯ ಬಣ್ಣ, ಅಕ್ಕಪಕ್ಕ. ಎಷ್ಟು ನೋಡಿದರೂ ನನಗೆ ವ್ಯತ್ಯಾಸ ಕಾಣಲಿಲ್ಲ.

"ಇದು ಭಯದ ಜಾಗ," ಎಂದರು. ದನಿ ಇಳಿದಿತ್ತು. "ಇವು ಎರಡು ಬೇರೆ ಬೇರೆ ಜಾತಿ. ಒಂದರದ್ದು ಬೆನ್ನಿನ ಸಣ್ಣ ಸಣ್ಣ ಮುಳ್ಳು ಅರ್ಧದಲ್ಲಿ ನಿಲ್ತದೆ. ಅದನ್ನು ಕೆಲವು ಕಡೆ ತಿಂತಾರೆ. ನಾನು ಮುಟ್ಟುದಿಲ್ಲ. ಇನ್ನೊಂದರದ್ದು ಬೆನ್ನ ರೆಕ್ಕೆಯ ತನಕ ಹೋಗ್ತದೆ. ಅದರ ಮಾಂಸದಲ್ಲೇ ವಿಷ. ಬೇಯಿಸಿದ್ರೂ ಹೋಗುದಿಲ್ಲ, ಮದ್ದೂ ಇಲ್ಲ. ವ್ಯತ್ಯಾಸ ಇಷ್ಟೇ, ಬೆನ್ನ ಮೇಲೆ ಬೆರಳು ಆಡಿಸಿದ್ರೆ ಗೊತ್ತಾಗ್ತದೆ. ಚರ್ಮದಲ್ಲಿ ಬರೆದು ಇಟ್ಟಿದೆ."

"ಓದಲು ಬಂದವರಿಗೆ ಸರಿ," ಎಂದೆ.

"ಚರ್ಮ ಇದ್ದರೆ ಸರಿ," ಎಂದರು.

ಈ ಮಾತು ನಡೆದದ್ದು ೨೦೨೧ರ ಜೂನ್ ತಿಂಗಳಲ್ಲಿ. ಇಸವಿ, ತಿಂಗಳು ಎಲ್ಲ ಹೇಳುತ್ತಿರುವುದು ಏಕೆಂದರೆ, ಅಷ್ಟು ಹೊತ್ತಿಗೆ ಚರ್ಮದ ವ್ಯವಸ್ಥೆಯನ್ನು ನಾನು ಮಾಡಿ ಮುಗಿಸಿದ್ದೆ.

ನಡೆದದ್ದು ಹೀಗೆ. ಆ ವರ್ಷದ ಲಾಕ್‌ಡೌನಿನಲ್ಲಿ ಗೇಟಿನ ಬಳಿ ಜನ ಸೇರಬಾರದೆಂದು, ಬಂದ ಸಾಮಾನುಗಳನ್ನು ಪ್ರತಿ ಬ್ಲಾಕಿಗೆ ಒಬ್ಬನೇ ತೆಗೆದುಕೊಂಡು ಹೋಗಿ ಮನೆ ಮನೆಗೆ ಮುಟ್ಟಿಸಬೇಕು ಎಂದು ಕಟ್ಟಡದ ಸಮಿತಿ ಗೊತ್ತು ಮಾಡಿತು. ವಾಟ್ಸಾಪ್ ಗುಂಪಿನಲ್ಲಿ ಯಾರೋ ನನ್ನ ಹೆಸರು ಹಾಕಿದರು, ಇಪ್ಪತ್ತೆರಡು ಜನ ಹೆಬ್ಬೆರಳು ಒತ್ತಿದರು. ಮೊದಲ ಹೆಬ್ಬೆರಳು ನನ್ನ ಹೆಂಡತಿ ಮಾನಸಳದ್ದು.

ತರಕಾರಿ, ಹಾಲು, ಹೋಟೆಲಿನಿಂದ ಕಟ್ಟಿಸಿಕೊಂಡು ಬರುವ ತಪಾವ್ ಊಟದ ಪೊಟ್ಟಣಗಳ ತನಕ ನನಗೇನೂ ತೊಂದರೆ ಇರಲಿಲ್ಲ. ಶನಿವಾರ ಮೀನು ಬಂತು. ತಂದವನು ದೇವದಾಸ, ಇಲ್ಲೇ ಹುಟ್ಟಿ ಬೆಳೆದ ತಮಿಳಿನವನು. ಹಿಂದೆ ಪ್ರವಾಸಿಗರ ಬಸ್ಸು ಓಡಿಸುತ್ತಿದ್ದ; ಪ್ರವಾಸಿಗರೇ ಇಲ್ಲವಾದಾಗ ಒಂದು ವ್ಯಾನು ಹಿಡಿದು, ಕಡಲ ದಂಡೆಯ ಧಕ್ಕೆಯಿಂದ ಮೀನು ತಂದು ಮಾರತೊಡಗಿದ. ಒಳ್ಳೆಯವನು, ಪ್ರಾಮಾಣಿಕ, ಮೀನಿನ ವಿಷಯದಲ್ಲಿ ಅವನಿಗೂ ನನಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆ ಶನಿವಾರ ಲಿಫ್ಟಿನಲ್ಲಿ ನಾನು ಮತ್ತು ಒಂದು ಮೀನು ಇಬ್ಬರೇ. ಚೀಲದಿಂದ ಅದು ತಲೆ ಹೊರಗೆ ಹಾಕಿತ್ತು. ನೆಲಮಹಡಿಯಿಂದ ಹದಿನಾಲ್ಕರ ತನಕ ನನ್ನನ್ನೇ ನೋಡಿತು. ನಮ್ಮ ಅಜ್ಜಿಯ ಶ್ರಾದ್ಧಕ್ಕೆ ತಪ್ಪಿಸಿಕೊಂಡದ್ದರಿಂದ ಹಿಡಿದು ನಾನು ಮಾಡಿದ ಪಾಪಗಳೆಲ್ಲ ಆ ನೋಟದಲ್ಲಿದ್ದವು.

ಅಂದೇ ದೇವದಾಸನಿಗೆ ಯಾರಿಗೂ ತಿಳಿಯದಂತೆ ಒಂದು ಸಂದೇಶ ಕಳಿಸಿದೆ: ಬಿ ಬ್ಲಾಕಿನ ಮೀನಿಗೆ ತಲೆ ಬೇಡ, ಬಾಲ ಬೇಡ, ಚರ್ಮ ಸುಲಿದು, ತುಂಡು ಮಾಡಿ, ಬಿಳಿ ಡಬ್ಬಿಯಲ್ಲಿ ಹಾಕಿ ಕಳಿಸು. ನೋಡಿದರೆ ಪನೀರಿನ ಹಾಗೆ ಇರಬೇಕು.

"ಕ್ಯಾನ್ ಲಾ ಬಾಸ್," ಎಂದು ಧ್ವನಿ ಕಳಿಸಿದ. "ನೋ ಫೇಸ್, ನೋ ಸ್ಕಿನ್. ಪನೀರ್ ಸ್ಟೈಲ್."

ಮುಂದಿನ ಶನಿವಾರದಿಂದ ಬಿಳಿ ಡಬ್ಬಿಗಳು ಬಂದವು. ಬ್ಲಾಕಿನಲ್ಲಿ ಎಲ್ಲರಿಗೂ ಸಂತೋಷ. ವಾಸನೆ ಇಲ್ಲ, ಕಸ ಇಲ್ಲ. ನಿತ್ಯಾನಂದರ ಹೆಂಡತಿ ವಾರಿಜಕ್ಕ ಮಾತ್ರ ಮೊದಲು ಮೂಗು ಮುರಿದರು. ಮಲ್ಪೆಯ ಹೆಂಗಸಿಗೆ ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವುದೆಂದರೆ ಮುಖ ನೋಡದೆ ಅಳಿಯನನ್ನು ಆರಿಸಿದ ಹಾಗೆ. ಆದರೆ ಮೂರು ವಾರದಲ್ಲಿ ಅವರೂ ಒಪ್ಪಿದರು. "ಇರ್ಲಿ ಸೂರ್ಯಣ್ಣ, ಸುಲಿಯುವ ಕೆಲಸ ಉಳೀತು. ದೇವದಾಸನಿಗೆ ಬುದ್ಧಿ ಉಂಟು." ಬುದ್ಧಿ ಯಾರದೆಂದು ನಾನು ಹೇಳಲಿಲ್ಲ. ವಿನಯ ಎಂದುಕೊಂಡೆ.

ಜುಲೈ ಕೊನೆಯ ಹೊತ್ತಿಗೆ ಊರಿನ ಗಾಳಿ ಬದಲಾಗಿತ್ತು. ದಿನಕ್ಕೆ ಹದಿನೈದು ಸಾವಿರ ಜನಕ್ಕೆ ಸೋಂಕು. ಆಸ್ಪತ್ರೆಗಳ ಅಂಗಳದಲ್ಲಿ ಡೇರೆ. ಹೆದ್ದಾರಿ ಖಾಲಿ, ಆಂಬುಲೆನ್ಸಿನ ಸದ್ದು ಒಂದು ನಿಲ್ಲುವಷ್ಟರಲ್ಲಿ ಇನ್ನೊಂದು. ಎದುರಿನ ಹಳೆಯ ಫ್ಲಾಟುಗಳ ಕಿಟಕಿಗಳಲ್ಲಿ ಊಟಕ್ಕಿಲ್ಲದವರು ಸಹಾಯ ಕೇಳಿ ಬಿಳಿ ಬಟ್ಟೆ ಕಟ್ಟಿದ್ದರು. ಬೆಳಿಗ್ಗೆ ಎದ್ದ ಕೂಡಲೇ ನಾವೆಲ್ಲ ಮಾಡುತ್ತಿದ್ದ ಮೊದಲ ಕೆಲಸ ಕಾಫಿಪುಡಿಯ ಡಬ್ಬಿಗೆ ಮೂಗು ಇಡುವುದು. ವಾಸನೆ ಬಂದರೆ ಒಂದು ದಿನ ಗೆದ್ದ ಹಾಗೆ.

ಆ ಶನಿವಾರದ ಡಬ್ಬಿಯನ್ನು ವಾರಿಜಕ್ಕ ಭಾನುವಾರ ಸಂಜೆ ಸಾರು ಮಾಡಿ ಮುಚ್ಚಿಟ್ಟರು. ಅವರ ಕಡೆ ಮೀನಿನ ಸಾರು ಅಂದೇ ಉಣ್ಣುವುದಕ್ಕಿಂತ ಮರುದಿನ ಬೆಳಿಗ್ಗೆ ನೀರುದೋಸೆಗೆ ಹಾಕಿಕೊಂಡರೆ ರುಚಿ. ಹುಳಿ ಖಾರ ಒಳಗೆ ಇಳಿದಿರುತ್ತದೆ. ಸೋಮವಾರ ಎಂಟಕ್ಕೆ ನಿತ್ಯಾನಂದರಿಗೆ ಆನ್‌ಲೈನ್ ಪಾಠ. ಅವರು ಕೋಣೆಯ ಬಾಗಿಲು ಹಾಕಿಕೊಂಡರು. ವಾರಿಜಕ್ಕ ಒಬ್ಬರೇ ತಿಂದರು.

ಎಂಟೂಮುಕ್ಕಾಲಿಗೆ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ನನಗಾಗಿ ಬೇರೆ ಕಾವಲಿಯಲ್ಲಿ ಹುಯ್ದ ನೀರುದೋಸೆ, ಚಟ್ನಿ. ಮಾಸ್ಕಿನ ಒಳಗಿನಿಂದ ಮಾತು ದಪ್ಪವಾಗಿ ಬಂತು.

"ಸೂರ್ಯಣ್ಣ, ಇದು ತಗೊಳ್ಳಿ. ನಂಗೆ ಎಂತದೋ ಆಗ್ತದೆ. ತುಟಿ ಜುಂ ಅಂತದೆ. ಇವತ್ತಿನ ಸಾರಿಗೆ ಉಪ್ಪು ಉಂಟೋ ಇಲ್ವೋ ಅಂತ್ಲೂ ಗೊತ್ತಾಗ್ಲಿಲ್ಲ."

ನಾನು ಮಾಡಿದ್ದನ್ನು ಹಾಗೆಯೇ ಬರೆಯುತ್ತೇನೆ. ಮೂರು ಹೆಜ್ಜೆ ಹಿಂದೆ ಸರಿದೆ.

"ರುಚಿ ಹೋಗಿದೆಯಾ? ಅದೇ ಅಕ್ಕ, ಅದೇ," ಎಂದೆ. ಒಂದು ವರ್ಷದ ಮೇಲೆ ವಾಟ್ಸಾಪ್ ಫಾರ್ವರ್ಡ್ ಓದಿ ನಾನು ಅರ್ಧ ವೈದ್ಯನಾಗಿದ್ದೆ. "ಕಿಟ್ ಇದೆಯಲ್ಲ, ಟೆಸ್ಟ್ ಮಾಡ್ಕೊಳ್ಳಿ. ಡಾಕ್ಟ್ರಿಗೆ ಹೇಳಿ."

"ಅವರಿಗೆ ಕ್ಲಾಸ್ ಉಂಟು. ಮೊನ್ನೆ ನಾನು ಗುಡಿಸಲಿಕ್ಕೆ ಹೋದದ್ದು ಕ್ಯಾಮರಾದಲ್ಲಿ ನೂರ ನಲವತ್ತು ಮಕ್ಕಳಿಗೆ ಕಂಡಿದೆ. ಒಂಬತ್ತೂಕಾಲಿಗೆ ಮುಗೀತದೆ."

ಅವರು ಹೋದರು. ನಾನು ದೋಸೆಯ ತಟ್ಟೆಗೆ ಸ್ಯಾನಿಟೈಸರ್ ಹೊಡೆದೆ. ದೋಸೆಗೂ ಸ್ವಲ್ಪ ಬಿತ್ತು.

ಒಂಬತ್ತೂಕಾಲಿಗೆ ನಿತ್ಯಾನಂದರು ಹೊರಗೆ ಬಂದಾಗ ವಾರಿಜಕ್ಕ ಊಟದ ಮೇಜಿನ ಬಳಿ ಕುರ್ಚಿಯಲ್ಲಿದ್ದರು. ಮುಂದೆ ಟೆಸ್ಟಿನ ಕಿಟ್ ಬಿಡಿಬಿಡಿಯಾಗಿ ಬಿದ್ದಿತ್ತು, ಪುಟ್ಟ ಬಾಟಲಿಯ ಮುಚ್ಚಳ ತೆಗೆಯಲು ಬೆರಳಿಗೆ ಆಗಿರಲಿಲ್ಲ. ಈ ಬೆಳಗಿನ ಕಥೆ ಆಮೇಲೆ ನಿತ್ಯಾನಂದರೇ ನನಗೆ ಹೇಳಿದ್ದು. "ಎಂತ ತಿಂದದ್ದು ನೀನು?" ಎಂದು ಕೇಳಿದರಂತೆ. ಉತ್ತರ ನಾಲಗೆಯಲ್ಲಿ ಹೊರಳಲಿಲ್ಲ. ಕಣ್ಣು ಮಾತ್ರ ಅಡುಗೆಮನೆಯ ಕಡೆ ಹೋಯಿತು.

ಪಾತ್ರೆಗೆ ಕೈಹಾಕಿ ಒಂದು ತುಂಡು ಎತ್ತಿದರು. ತಲೆಯಿಲ್ಲ, ಬಾಲವಿಲ್ಲ, ಚರ್ಮವಿಲ್ಲ. ಬೆರಳಿಂದ ಮಾಂಸ ಬಿಡಿಸಿದರು. ನಡುಮೂಳೆ ಸಿಕ್ಕಿತು. ಅದರಿಂದ ಹೊರಡಬೇಕಾದ ಪಕ್ಕೆಲುಬು ಸಿಗಲಿಲ್ಲ. ಇನ್ನೊಂದು ತುಂಡು ಬಿಡಿಸಿದರು, ಮತ್ತೊಂದು. ಒಂದರಲ್ಲೂ ಪಕ್ಕೆಲುಬಿರಲಿಲ್ಲ. ನಾನು ಅಳಿಸಿ ಹಾಕಿಸಿದ್ದನ್ನೆಲ್ಲ ಅಳಿಸಿ ಹಾಕಿದ ಮೇಲೂ, ಯಾವುದೋ ಕಾಲದಲ್ಲಿ ಊದುವುದಕ್ಕಾಗಿ ಆ ಮೀನು ತಾನೇ ಬಿಟ್ಟುಕೊಟ್ಟದ್ದು ಒಂದು ಗುರುತಾಗಿ ಉಳಿದಿತ್ತು.

ನನ್ನ ಫೋನು ಬಡಿದುಕೊಂಡಿತು. "ಮಾರಾಯ್ರೆ, ಮೊನ್ನೆಯ ಡಬ್ಬಿ ಯಾರಿಗೆಲ್ಲ ಕೊಟ್ಟಿದ್ದೀರಿ? ತಿನ್ನಬೇಡಿ ಅನ್ನಿ. ಒಂದು ಚೂರೂ ತಿನ್ನಬಾರದು. ಮತ್ತೆ ಕಾರು ತೆಗೀರಿ. ನಂಗೆ ಇವಳ ಎದೆ ನೋಡಬೇಕು, ಡ್ರೈವ್ ಮಾಡ್ಲಿಕ್ಕೆ ಆಗುದಿಲ್ಲ."

ಇನ್ನೆರಡು ಡಬ್ಬಿ ಹೋಗಿದ್ದವು. ಮೂರನೇ ಮಹಡಿಯ ರಾಮದಾಸರದ್ದು ಫ್ರೀಜರಿನಲ್ಲಿತ್ತು. ಆರನೇ ಮಹಡಿಯ ಚಂಪಾ ಫೋನಿಗೆ ಸಿಗಲಿಲ್ಲ. ಮಾನಸ ಚಪ್ಪಲಿ ಹಾಕದೆ ಮೆಟ್ಟಿಲಿಳಿದು ಓಡಿದಳು. ಚಂಪಾ ಕಾವಲಿಯ ಮೇಲೆ ತುಂಡುಗಳನ್ನು ಹಾಕಿ ಆಗಿತ್ತು, ಇನ್ನು ಮಗುಚಬೇಕು ಅಷ್ಟೆ.

ಆಂಬುಲೆನ್ಸಿಗೆ ಕೇಳಿದರೆ ಎರಡು ಗಂಟೆ ಎಂದರು. ಹಿಂದಿನ ಸೀಟಿನಲ್ಲಿ ವಾರಿಜಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಿತ್ಯಾನಂದರು ಕೂತರು. ದಾರಿಯಲ್ಲಿ ಪೊಲೀಸರ ತಡೆ. ಒಂದು ಮನೆಯಿಂದ ಇಬ್ಬರೇ ಹೊರಗೆ ಹೋಗಬೇಕೆಂಬ ನಿಯಮ, ನಾವು ಎರಡು ಮನೆಯಿಂದ ಮೂವರು. ಪೊಲೀಸು ಬಗ್ಗಿ ನೋಡಿದ. ಇಷ್ಟು ವರ್ಷ ಇಲ್ಲಿದ್ದು ಮಲಯ ಕಲಿಯದ ನನ್ನ ಬಾಯಿಗೆ ಎರಡೇ ಪದ ಬಂದವು.

"ಮಕಾನ್ ಬುಂತಾಲ್," ಎಂದೆ. ಊದುಮೀನು ತಿಂದಿದ್ದಾರೆ.

ಅವನು ಮತ್ತೇನೂ ಕೇಳಲಿಲ್ಲ. ಬೇಲಿಯನ್ನು ತಾನೇ ಎಳೆದು ಪಕ್ಕಕ್ಕಿಟ್ಟ. ಅವನ ಮುಖದಲ್ಲಿ ಆ ಪದ ಮಾಡಿದ ಕೆಲಸವನ್ನು ಕನ್ನಡಿಯಲ್ಲಿ ನೋಡಿ ನಾನು ಕಾರಿನ ವೇಗ ಹೆಚ್ಚಿಸಿದೆ.

ಹಿಂದಿನಿಂದ ನಿತ್ಯಾನಂದರ ದನಿ ಕೇಳುತ್ತಿತ್ತು, ಪಾಠ ಹೇಳುವ ಅದೇ ದನಿ. "ವಾರಿ, ನಿಂಗೆ ಕೇಳ್ತದೆ ಅಂತ ನಂಗೆ ಗೊತ್ತುಂಟು. ಹೆದರಬೇಡ. ಕೈಕಾಲು ಆಡುದಿಲ್ಲ, ಅದು ಹಾಗೇ. ಬುದ್ಧಿ ಸರಿ ಇರ್ತದೆ. ಈಗ ಎದೆಯೂ ಸೋಲ್ತದೆ. ಆಗ ನಾವು ಊದ್ತೇವೆ. ವಿಷ ತಾನೇ ಇಳಿದು ಹೋಗುವ ತನಕ ಊದಿದರೆ ಸಾಕು, ಇಷ್ಟೇ ವಿಷಯ."

ಆಸ್ಪತ್ರೆಯ ಡೇರೆಯಲ್ಲಿ ಬಂದವನು ಶರಣ್ ಎಂಬ ಯುವ ವೈದ್ಯ, ನಿತ್ಯಾನಂದರ ಹಳೆಯ ವಿದ್ಯಾರ್ಥಿ. ಅವನ ಜೊತೆ ಮಾತೆಲ್ಲ ಇಂಗ್ಲಿಷಿನಲ್ಲಿ. ಗುರುಗಳನ್ನು ಗುರುತಿಸಿ, ಅವರು ಸಾರಿನಿಂದ ಎತ್ತಿ ತಂದಿದ್ದ ಮೀನಿನ ನಡುಮೂಳೆಯನ್ನು ನೋಡಿ, "ಸಾರ್, ಇದೇ ಪ್ರಶ್ನೆಗೆ ನೀವು ನನ್ನನ್ನು ಫೇಲ್ ಮಾಡಿದ್ದಿರಿ," ಎಂದ. ವಾರಿಜಕ್ಕನ ಗಂಟಲಿಗೆ ಉಸಿರಿನ ಕೊಳವೆ ಇಳಿಸಿದ. ಆಮೇಲೆ ಅವನು ತಲೆ ತಗ್ಗಿಸಿ ಹೇಳಿದ್ದು ನನಗೂ ಕೇಳಿತು: ಉಸಿರಾಟದ ಯಂತ್ರ ಒಂದೂ ಖಾಲಿ ಇಲ್ಲ. ಇನ್ನೂ ಹನ್ನೊಂದು ಜನ ಕಾಯುತ್ತಿದ್ದಾರೆ. ಇಡೀ ದಿನ ಕೈಯಲ್ಲಿ ಚೀಲ ಒತ್ತುತ್ತಾ ಕೂರುವುದಕ್ಕೆ ಬಿಡುವ ನರ್ಸ್ ಕೂಡ ಇಲ್ಲ.

"ಚೀಲ ಕೊಡು," ಎಂದರು ನಿತ್ಯಾನಂದರು.

ರಬ್ಬರಿನ ಆಂಬು ಚೀಲ. ಒತ್ತಿದರೆ ಗಾಳಿ ಒಳಗೆ ಹೋಗುತ್ತದೆ, ಬಿಟ್ಟರೆ ಚೀಲ ಊದಿಕೊಳ್ಳುತ್ತದೆ. ಅವರಿಗೆ ನೀಲಿ ರಕ್ಷಾಕವಚ ತೊಡಿಸಿ ಒಳಗೆ ಕರೆದೊಯ್ದರು. ನನಗೆ ಕಾರಿನಲ್ಲೇ ಕೂತಿರು ಎಂದರು.

ಹತ್ತೂವರೆಗೆ ಫೋನು ಬಂತು. "ಮಾರಾಯ್ರೆ, ಫೋನನ್ನು ಇವಳ ಕಿವಿಯ ಹತ್ತಿರ ಇಟ್ಟಿದ್ದೇನೆ. ನೀವು ಮಾತಾಡಿ. ನಂಗೆ ಉಸಿರಿನ ಲೆಕ್ಕ ಹಿಡಿಯುದು, ಮಾತಾಡುದು ಎರಡೂ ಆಗುದಿಲ್ಲ. ಇಲ್ಲಿ ಬಂದವರೆಲ್ಲ ಇವಳನ್ನು ನೋಡಿ, ಸತ್ತೋದ್ರು ಅಂತ್ಲೇ ಮಾತಾಡ್ತಾರೆ. ಅದನ್ನೇ ಕೇಳ್ತಾ ಮಲಗಬಾರದು ಇವಳು."

ನಾನು ಮಾತಾಡಿದೆ. ಏನು ಮಾತಾಡಿದೆ ಎಂದರೆ ಹೇಳಲು ನಾಚಿಕೆ. ಮಾನಸಳ ಮೇಲೆ ದೂರು ಹೇಳಿದೆ. ಲಿಫ್ಟಿನ ಕನ್ನಡಿ ಒಡೆದವರು ಯಾರೆಂದು ಹೇಳಿದೆ. ದೋಸೆಗೆ ಸ್ಯಾನಿಟೈಸರ್ ಬಿದ್ದದ್ದು ಹೇಳಿದೆ. ಅದೂ ಮುಗಿದು, ಗೋಡೆಯ ನಕ್ಷೆಯನ್ನು ನೆನಪಿನಿಂದ ಒಪ್ಪಿಸಿದೆ: ಸಮುದ್ರದಿಂದ ಹೊರಟು, ಪಕ್ಕೆಲುಬು ಬಿಟ್ಟು, ನದಿ ಹತ್ತಿ, ಕವರು ಒಡೆದು. ಕೆಲವು ಕವಲು ತಪ್ಪಿಸಿದೆ; ಆ ಕಡೆಯಿಂದ ಯಾರೂ ತಿದ್ದಲಿಲ್ಲ. ಫೋನಿನಲ್ಲಿ ಒಂದೇ ಸದ್ದು, ಫುಸ್, ಮೌನ, ಫುಸ್. ಮೌನ ಸ್ವಲ್ಪ ಉದ್ದವಾಯಿತು ಅನ್ನಿಸಿದಾಗೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು.

ಮಧ್ಯಾಹ್ನ, ಆ ಕರೆ ಹಾಗೆಯೇ ಇರುವಾಗ, ಮಾನಸಳ ಸಂದೇಶದಲ್ಲಿ ಬಂದ ಸುದ್ದಿ ಬೇರೆ. ಅವಳು ದೇವದಾಸನನ್ನು ಹಿಡಿದಿದ್ದಳು. ಅವನು ಅಳುತ್ತಿದ್ದನಂತೆ. ಧಕ್ಕೆಯಲ್ಲಿ ಬಲೆಯ ಮೀನನ್ನು ಬೆರಕೆಯಾಗಿ ತಂದಿದ್ದ. ಮನೆಯಲ್ಲಿ ಸುಲಿದು ತುಂಡು ಮಾಡಿದ ಮೇಲೆ ಯಾವುದು ಯಾವುದೋ ಅವನಿಗೂ ಗೊತ್ತಾಗಿರಲಿಲ್ಲ. ಇನ್ನೊಂದು ವಿಷಯ. ನಮ್ಮ ಬ್ಲಾಕಿನ ಬಿಳಿ ಡಬ್ಬಿ ನೋಡಿ ಪಕ್ಕದ ಕಟ್ಟಡದವರು ಕೇಳಿದ್ದರು, ಅಲ್ಲಿಂದ ಮುಂದಿನ ಬೀದಿ, ಅಲ್ಲಿಂದ ದೂರದ ಮಾಂಟ್ ಕಿಯಾರಾ ಬಡಾವಣೆಯ ಎರಡು ಕಟ್ಟಡ. ಪನೀರ್ ಸ್ಟೈಲ್ ಎಂಬ ನನ್ನ ಒಂದು ಸಂದೇಶ ನನಗೆ ತಿಳಿಯದೆ ಕವಲೊಡೆದು ಊರು ತುಂಬ ಹಬ್ಬಿತ್ತು. ದೇವದಾಸ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದ. ಎಲ್ಲರೂ ಸಿಕ್ಕರು, ಒಬ್ಬರು ಸಿಗಲಿಲ್ಲ. ಆ ನಂಬರು ಸುಮ್ಮನೆ ರಿಂಗಾಗುತ್ತಿತ್ತು.

ನಾನು ಮತ್ತೆ ಫೋನನ್ನು ಕಿವಿಗೆ ಹಿಡಿದೆ. ಹೇಳಲು ಉಳಿದದ್ದು ಒಂದೇ ಇತ್ತು.

"ಅಕ್ಕ," ಎಂದೆ. "ಚರ್ಮ ತೆಗೆಸಿದ್ದು ದೇವದಾಸ ಅಲ್ಲ. ನಾನು. ಲಿಫ್ಟಿನಲ್ಲಿ ಮೀನಿನ ಮುಖ ನೋಡಕ್ಕೆ ಆಗಲಿಲ್ಲ. ಪನೀರಿನ ಹಾಗೆ ಕಳಿಸು ಅಂದೆ. ಡಾಕ್ಟ್ರು ಚರ್ಮದ ವಿಷಯ ಹೇಳಿದ ದಿನವಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇವತ್ತು ಬೆಳಿಗ್ಗೆ ನೀವು ಬಾಗಿಲಿಗೆ ಬಂದಾಗ ಹಿಂದೆ ಸರಿದೆ."

ಫುಸ್. ಮೌನ. ಇನ್ನೂ ಮೌನ. ಒಂದು ಉಸಿರು ಹೋಗಬೇಕಾದ ಜಾಗದಲ್ಲಿ ಹೋಗಲಿಲ್ಲ. ಫೋನಿನ ಆ ತುದಿಯಲ್ಲಿ ನಿತ್ಯಾನಂದರೂ ಕೇಳುತ್ತಿದ್ದಾರೆ ಎಂಬುದು ನನಗೆ ಆಗ ಹೊಳೆಯಿತು. ಆಮೇಲೆ ಫುಸ್ ಎಂದಿತು. ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ. ಆಮೇಲೆ ಹಿಂದಿನ ಲೆಕ್ಕಕ್ಕೇ ಬಂತು.

ನಾನು ಫೋನ್ ಇಡಲಿಲ್ಲ. ಸಂಜೆ ಆರೂವರೆಯ ತನಕ ಹಾಗೆಯೇ.

ಆರೂವರೆಗೆ ಒಂದು ಯಂತ್ರ ಖಾಲಿಯಾಯಿತು. ಹೇಗೆ ಖಾಲಿಯಾಯಿತು ಎಂದು ಯಾರೂ ಕೇಳಲಿಲ್ಲ. ಡೇರೆಯ ಆಚೆ ಬದಿಯಲ್ಲಿ ಯಾರೋ ಹೆಂಗಸು ಒಂದೇ ಸಮನೆ ಒಂದು ಹೆಸರು ಕರೆಯುತ್ತಿದ್ದದ್ದು ಕಾರಿನ ತನಕ ಕೇಳಿಸುತ್ತಿತ್ತು. ಶರಣ್ ಬಂದು ನಿತ್ಯಾನಂದರ ಕೈಯಿಂದ ಚೀಲ ಬಿಡಿಸಬೇಕಾಯಿತಂತೆ. ಬೆರಳು ತಾವಾಗಿ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ವಾರಿಜಕ್ಕನ ಎಡಗೈಯ ಕಿರುಬೆರಳು ಅಲುಗಿತು. ಗುರುವಾರ ಮನೆಗೆ ಬಂದರು. ಅದೇ ದಿನ ದೇವದಾಸನ ಆ ಸಿಗದ ನಂಬರಿನಿಂದಲೂ ಉತ್ತರ ಬಂತು: ಮೀನು ನಾವು ತಿನ್ನಲಿಲ್ಲ, ಬೆಕ್ಕಿಗೆ ಹಾಕಿದೆವು. ಬೆಕ್ಕಿನ ವಿಷಯ ಅವನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಹದಿನೈದು ದಿನ ನಾನು ಆ ಬಾಗಿಲನ್ನು ತಟ್ಟಲಿಲ್ಲ. ಸಾಮಾನುಗಳನ್ನು ಹೊರಗಿಟ್ಟು, ಗಂಟೆ ಒತ್ತಿ, ಓಡಿ ಬಂದು ನಮ್ಮ ಬಾಗಿಲಿನ ಕಿಂಡಿಯಲ್ಲಿ ನೋಡುತ್ತಿದ್ದೆ. ಒಂದು ದಿನ ಅವರು ನನ್ನ ಕಿಂಡಿಯನ್ನೇ ನೋಡುತ್ತಾ ನಿಂತಿದ್ದರು.

"ಹೊರಗೆ ಬನ್ನಿ ಸೂರ್ಯಣ್ಣ."

ಹೋದೆ. ಬಡವಾಗಿದ್ದರು. ದನಿ ಕೊಳವೆಯಿಂದಾಗಿ ಇನ್ನೂ ಒಡೆದಿತ್ತು.

"ನೀವು ಫೋನಿನಲ್ಲಿ ಹೇಳಿದ್ದೆಲ್ಲ ಕೇಳಿದೆ."

"ಎಲ್ಲಾ?"

"ಪನೀರ್ ತನಕ. ಎದ್ದು ನಿಮ್ಮ ಕೆನ್ನೆಗೆ ಎರಡು ಕೊಡುವ ಅಂತ ಇತ್ತು. ಕೈ ಏಳ್ಲಿಲ್ಲ. ಆದ್ರೆ ಆ ಹೊತ್ತಿಗೆ ನಂಗೆ ಕೇಳ್ತಾ ಇದ್ದ ಕನ್ನಡ ಅದೊಂದೇ. ಉಳಿದವರೆಲ್ಲ ನನ್ನನ್ನು ಬೆಡ್ಡು ಅಂತಿದ್ರು. ಹನ್ನೆರಡನೇ ಬೆಡ್ಡು."

ನಾನು ಹೊರಗಿಟ್ಟಿದ್ದ ಸಾಮಾನಿನ ಚೀಲ ಎತ್ತಿ ಅವರ ಹೊಸ್ತಿಲ ಒಳಗಿಟ್ಟೆ.

"ಇನ್ನು ಮೇಲೆ ಮೀನು ತಲೆ, ಬಾಲ, ಚರ್ಮ ಎಲ್ಲ ಇದ್ದು ಬರ್ಲಿ. ನೀವೇ ತರುದು. ಗೇಟಿನಲ್ಲೇ ಬೆನ್ನು ಮುಟ್ಟಿ ನೋಡುದು. ನಂಗಲ್ಲ, ಇಡೀ ಬ್ಲಾಕಿಗೆ."

ಹಾಗಾಗಿ ಮೈಸೂರಿನ ಹುಟ್ಟಾ ಸಸ್ಯಾಹಾರಿಯೊಬ್ಬ ಪ್ರತಿ ಶನಿವಾರ ಬೆಳಿಗ್ಗೆ ಗೇಟಿನ ಬಳಿ ನಿಂತು, ಒಂದೊಂದೇ ಮೀನಿನ ಕುತ್ತಿಗೆಯಿಂದ ರೆಕ್ಕೆಯ ತನಕ ತೋರುಬೆರಳು ಎಳೆಯುತ್ತಾನೆ. ದೇವದಾಸ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಹೆಚ್ಚಿನ ಬೆನ್ನುಗಳು ನುಣುಪು. ಎರಡು ಸಲ ಬೆರಳು ಗರಗಸದ ಮೇಲೆ ಹೋದಂತಾಗಿ, ನಿಲ್ಲಬೇಕಾದಲ್ಲಿ ನಿಲ್ಲದೆ ರೆಕ್ಕೆಯವರೆಗೂ ಹೋಯಿತು. ಆ ಎರಡನ್ನೂ ಚೀಲದಲ್ಲಿ ಕಟ್ಟಿ, ಬೆಕ್ಕುಗಳಿಗೆ ಸಿಗದಂತೆ ಸುಟ್ಟೆವು.

ನಿತ್ಯಾನಂದರು ಫೋನಿನಲ್ಲಿ ಕೇಳಿಸಿಕೊಂಡ ಆ ಮಾತನ್ನು ನನ್ನ ಹತ್ತಿರ ಎತ್ತಿಲ್ಲ. ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಬಾಗಿಲಿನ ಹೊರಗೆ ಕುರ್ಚಿ ಹಾಕುತ್ತಾರೆ, ನಕ್ಷೆಯ ಪಾಠ ಮುಂದುವರಿಸುತ್ತಾರೆ. ತೊಟ್ಟಿಯ ಗೂನುಬೆನ್ನು ಒಂದು ಕಣ್ಣಿಂದ ನನ್ನನ್ನು, ಒಂದು ಕಣ್ಣಿಂದ ಅಡುಗೆಮನೆಯನ್ನು ನೋಡುತ್ತದೆ. ಮೊನ್ನೆ ಒಳಗಿನಿಂದ ವಾರಿಜಕ್ಕ ಏನನ್ನೋ ನೆನೆದು ಜೋರಾಗಿ ನಗತೊಡಗಿದರು. ನಗು ಉದ್ದವಾಯಿತು, ಉಸಿರು ಸಿಕ್ಕಿಕೊಂಡು ಒಂದು ಗಳಿಗೆ ಸದ್ದೇ ನಿಂತಿತು. ನಿತ್ಯಾನಂದರ ಮಾತೂ ಅರ್ಧದಲ್ಲಿ ನಿಂತಿತು. ಕೋಲು ಕೆಳಗೆ ಬಿತ್ತು. ಬಲಗೈ ಮುಷ್ಟಿಯಾಗಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು.

ಕೆಳಗೆ ನೋಡಿದೆ. ನನ್ನ ಕೈಯೂ ಮುಚ್ಚಿಕೊಂಡಿತ್ತು.

ಒಳಗೆ ವಾರಿಜಕ್ಕ ಕೆಮ್ಮಿದರು. ಇಬ್ಬರೂ ಕೈ ತೆರೆದೆವು.